ಬೋರ್ಡಿನ ಮೂಲೆಯ ಅಕ್ಷರ

ಸರ್ಕ್ಯೂಟ್ ಬೋರ್ಡಿನ ಯಾವುದಾದರೊಂದು ಮೂಲೆಯಲ್ಲಿ, ಬಿಳಿ ಬಣ್ಣದಲ್ಲಿ, ಕನ್ನಡಕ ಸರಿಪಡಿಸಿಕೊಂಡು ನೋಡಬೇಕಾದಷ್ಟು ಸಣ್ಣದಾಗಿ ಒಂದು ಅಕ್ಷರವೋ ಅಂಕಿಯೋ ಅಚ್ಚಾಗಿರುತ್ತದೆ. ರೆವ್ ಎ, ರೆವ್ ಬಿ, 1.0, 1.2, ಹೀಗೆ; ಬೋರ್ಡಿನ ವಿನ್ಯಾಸದ ಆವೃತ್ತಿಯ ಗುರುತು ಅದು. ಅಂಗಡಿಯಿಂದ ತಂದ ರೇಡಿಯೊ ಕೆಟ್ಟಾಗ ರಿಪೇರಿಯವರ ಹೊರತು ಬೇರಾರೂ ಅತ್ತ ಕಣ್ಣು ಹಾಯಿಸುವುದಿಲ್ಲ. ಮನೆಯಲ್ಲೇ ಕೂತು ಅಳತೆಯ ಉಪಕರಣವೊಂದನ್ನು ಕಟ್ಟಹೊರಟವರಿಗೆ ಮಾತ್ರ ಮೊದಲ ಕಿರಿಕಿರಿ ಶುರುವಾಗುವುದೇ ಆ ಅಕ್ಷರದಿಂದ. ವಿನ್ಯಾಸದ ಫೈಲುಗಳು ಎರಡು ಮೂರು ಆವೃತ್ತಿಗಳಲ್ಲಿ ಸಿಗುತ್ತವೆ. ಹಳೆಯದನ್ನು ಕಟ್ಟಿ ಬಳಸಿದವರು ಹಲವರಿದ್ದಾರೆ; ಹೊಸದು ಇನ್ನೂ ಹೆಚ್ಚು ಕೈ ದಾಟಿಲ್ಲ. ಹಳೆಯ ಬೋರ್ಡು ಯಾರದೋ ಡ್ರಾಯರಿನಲ್ಲಿ ಉಳಿದದ್ದು ಅಗ್ಗಕ್ಕೆ ಸಿಗುತ್ತದೆ. ಹೊಸದನ್ನು ಮಾಡಿಸಬೇಕು, ಮಾಡಿಸಿದರೆ ಸಾಮಾನ್ಯವಾಗಿ ಐದಕ್ಕಿಂತ ಕಡಿಮೆ ಕೊಡುವುದಿಲ್ಲ. ಬೇಕಿರುವುದು ಒಂದೇ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು?

ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿರುವವರು ಗುಹೆಗಳನ್ನು ಅಳೆಯುವವರು. ಗುಹೆಯ ನಕ್ಷೆಗೆ ಮೂರು ಸಂಖ್ಯೆಗಳು ಬೇಕು: ಈ ಬಿಂದುವಿನಿಂದ ಮುಂದಿನ ಬಿಂದುವಿಗೆ ಎಷ್ಟು ದೂರ, ಯಾವ ದಿಕ್ಕು, ಎಷ್ಟು ಏರು ಅಥವಾ ಇಳಿಜಾರು. ಇದಕ್ಕೆ ಬಹುಕಾಲ ಬಳಕೆಯಲ್ಲಿದ್ದವು ಟೇಪು, ಕೈದಿಕ್ಸೂಚಿ ಮತ್ತು ಓರೆಮಾಪಕ. ಒಬ್ಬರು ಸೊಂಟದ ಮಟ್ಟದ ತಣ್ಣೀರಿನಲ್ಲಿ ಟೇಪಿನ ತುದಿ ಹಿಡಿದು ನಿಲ್ಲಬೇಕು. ಇನ್ನೊಬ್ಬರು ಬಂಡೆಗೆ ಕೆನ್ನೆಯೊತ್ತಿ, ಒಂದು ಕಣ್ಣು ಮುಚ್ಚಿ, ದಿಕ್ಸೂಚಿಯ ಕಿಂಡಿಯಲ್ಲಿ ಅಂಕಿ ಓದಿ ಕೂಗಬೇಕು. ಮೂರನೆಯವರು ಕೆಸರು ಮೆತ್ತಿದ ಕೈಯಲ್ಲಿ ಅದನ್ನು ಬರೆದುಕೊಳ್ಳಬೇಕು. ಪ್ರತಿಧ್ವನಿಯಲ್ಲಿ ಒಂದು ಅಂಕಿ ತಪ್ಪಿ ಕೇಳಿಸಿದರೂ ಗುಹೆ ನಕ್ಷೆಯಲ್ಲಿ ಬೇರೆ ಕಡೆಗೆ ತಿರುಗಿಬಿಡುತ್ತದೆ. ಮೇಘಾಲಯದ ಮರಳುಗಲ್ಲಿನ ಗುಹೆ ಕ್ರೆಮ್ ಪುರಿ 24 ಕಿಲೋಮೀಟರಿಗಿಂತ ಉದ್ದವಿದೆ. ಬಿಂದುವಿನಿಂದ ಬಿಂದುವಿಗೆ ಎಳೆಯುವ ಒಂದೊಂದು ಗೆರೆ ಹತ್ತು ಮೀಟರ್ ಎಂದಿಟ್ಟುಕೊಂಡರೂ ಅಂಥ ಗುಹೆಗೆ ಎರಡು ಸಾವಿರದ ನಾನೂರು ಗೆರೆಗಳು ಬೇಕು. ಗೆರೆಗೆ ಮೂರರಂತೆ ಕೂಗಬೇಕಾದ ಸಂಖ್ಯೆಗಳು ಏಳು ಸಾವಿರ ದಾಟುತ್ತವೆ.

ಸ್ವಿಟ್ಜರ್ಲೆಂಡಿನ ಬೆಯಾಟ್ ಹೇಬ್ ಈ ಕೂಗಾಟಕ್ಕೆ ಒಂದು ಉತ್ತರ ಕಂಡುಕೊಂಡರು. ಗಾರೆ ಕೆಲಸದವರು, ಮರಗೆಲಸದವರು ಕೋಣೆ ಅಳೆಯಲು ಬಳಸುವ ಲೈಕಾ ಡಿಸ್ಟೊ ಎ3 ಎಂಬ ಲೇಸರ್ ದೂರಮಾಪಕದ ಒಳಗೆ ಒಂದು ಪುಟ್ಟ ಬೋರ್ಡು ಕೂರಿಸಿದರು. ಅದರಲ್ಲಿ ಮೂರು ಅಕ್ಷಗಳ ಕಾಂತಸೆನ್ಸರ್ ಇತ್ತು, ಗುರುತ್ವದ ದಿಕ್ಕನ್ನು ಅರಿಯುವ ಆಕ್ಸೆಲೆರೋಮೀಟರ್ ಇತ್ತು, ಬ್ಲೂಟೂತ್ ಇತ್ತು. ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಎದುರಿನ ಗೋಡೆಯ ಮೇಲೆ ಬೀಳುತ್ತದೆ. ದೂರ, ದಿಕ್ಕು, ಓರೆ ಮೂರೂ ಒಟ್ಟಿಗೆ ಬಂದು ಕೈಗಣಕದ ಪರದೆ ಸೇರುತ್ತವೆ. ಇದಕ್ಕೆ ಡಿಸ್ಟೊಎಕ್ಸ್ ಎಂಬ ಹೆಸರು ನಿಂತಿತು. ಮುಂದೆ ಎ3 ಮಾರುಕಟ್ಟೆಯಿಂದ ಹೋಯಿತು. ನೀರಿಗೂ ಧೂಳಿಗೂ ಜಗ್ಗದ ಎಕ್ಸ್310 ಎಂಬ ಮಾದರಿ ಬಂತು, ಅದರೊಳಗೆ ಹಿಡಿಸುವ ಹೊಸ ಬೋರ್ಡಿನೊಂದಿಗೆ ಡಿಸ್ಟೊಎಕ್ಸ್2 ಬಂತು. ಕೈಗಣಕದ ಜಾಗಕ್ಕೆ ಆಂಡ್ರಾಯ್ಡ್ ಫೋನು, ಟೋಪೋಡ್ರಾಯ್ಡ್ ಎಂಬ ಆ್ಯಪು ಬಂದವು. ಆಮೇಲೆ ಎಕ್ಸ್310 ಕೂಡ ನಿಂತುಹೋಯಿತು. ಈಗ ಬಿಡಿ ಲೇಸರ್ ಮಾಡ್ಯೂಲನ್ನು ಸ್ವಂತ ಪೆಟ್ಟಿಗೆಯೊಳಗೆ ಕೂರಿಸಿ ಕಟ್ಟುವ ವಿನ್ಯಾಸಗಳು ಹಲವು ಹುಟ್ಟಿಕೊಂಡಿವೆ. ಒಂದೊಂದಕ್ಕೂ ಒಂದೊಂದು ಆವೃತ್ತಿಗಳ ಸಾಲು.

ಹೊಸ ಆವೃತ್ತಿ ಯಾಕೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಆಯ್ಕೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕೆಲವು ಸಲ ಹಳೆಯದರಲ್ಲಿ ನಿಜವಾದ ತಪ್ಪಿರುತ್ತದೆ: ಬೋರ್ಡಿನ ತಾಮ್ರದ ಗೆರೆಯೊಂದು ಸೇರಬೇಕಾದ ಕಡೆ ಸೇರಿಲ್ಲ, ಚಿಪ್ಪಿನ ಒಂದು ಕಾಲಿಗೆ ಬೇಕಿದ್ದ ರೆಸಿಸ್ಟರ್ ಬಿಟ್ಟುಹೋಗಿದೆ. ಅಂಥ ಬೋರ್ಡಿಗೆ ಕೂದಲೆಳೆಯ ತಂತಿಯೊಂದನ್ನು ಮೇಲಿಂದ ಬೆಸೆದು ಕೆಲಸ ನಡೆಸುತ್ತಾರೆ. ಮುಂದಿನ ಆವೃತ್ತಿಯಲ್ಲಿ ಆ ತಂತಿ ತಾಮ್ರದ ಗೆರೆಯಾಗಿ ಬೋರ್ಡಿನೊಳಗೇ ಸೇರಿಕೊಳ್ಳುತ್ತದೆ. ಇನ್ನು ಕೆಲವು ಸಲ ಪೆಟ್ಟಿಗೆ ಬದಲಾಗಿರುತ್ತದೆ, ಎ3ಯಿಂದ ಎಕ್ಸ್310ಕ್ಕೆ ಬಂದಂತೆ. ಆಗ ಹಳೆಯದು ಕೆಟ್ಟದ್ದು, ಹೊಸದು ಒಳ್ಳೆಯದು ಎಂಬ ಮಾತೇ ಬರುವುದಿಲ್ಲ. ಕೈಯಲ್ಲಿರುವ ಪೆಟ್ಟಿಗೆ ಯಾವುದು ಎಂಬುದಷ್ಟೇ ಪ್ರಶ್ನೆ. ಆದರೆ ಎಷ್ಟೋ ಆವೃತ್ತಿಗಳು ಹುಟ್ಟುವುದು ಯಾವುದೋ ಒಂದು ಚಿಪ್ಪನ್ನು ತಯಾರಕರು ನಿಲ್ಲಿಸಿಬಿಟ್ಟದ್ದರಿಂದ. ಅಲ್ಲಿ ಸುಧಾರಣೆಯೇನೂ ಇರಲೇಬೇಕೆಂದಿಲ್ಲ. ಅಂಕಿ ಮೇಲೇರಿದ ಮಾತ್ರಕ್ಕೆ ಗುಣವೂ ಏರಿತೆಂದು ನಂಬುವುದು ಈ ಕೆಲಸದಲ್ಲಿ ದುಬಾರಿ ನಂಬಿಕೆ.

ಹನಿವೆಲ್ ಕಂಪನಿಯ ಎಚ್‌ಎಂಸಿ5883ಎಲ್ ಎಂಬ ಕಾಂತಸೆನ್ಸರಿನ ಕಥೆಯನ್ನೇ ನೋಡಬಹುದು. ಮೂರು ಮಿಲಿಮೀಟರ್ ಉದ್ದ, ಮೂರು ಮಿಲಿಮೀಟರ್ ಅಗಲದ ಈ ಚಿಪ್ಪು ಹವ್ಯಾಸಿಗಳ ಮೇಜಿನ ಮೇಲೆ ವರ್ಷಗಟ್ಟಲೆ ಮೆರೆಯಿತು. ಅದರ ತಯಾರಿಕೆ ನಿಂತ ಮೇಲೆ ಚೀನಾದ ಕ್ಯೂಎಸ್‌ಟಿ ಕಂಪನಿಯ ಕ್ಯೂಎಂಸಿ5883ಎಲ್ ಅದರ ಜಾಗ ತುಂಬಿತು. ಅದೇ ಗಾತ್ರ, ಕಾಲುಗಳ ಅದೇ ಜೋಡಣೆ, ಹೆಸರಿನಲ್ಲಿ ಒಂದೇ ಅಕ್ಷರ ವ್ಯತ್ಯಾಸ. ಹಳೆಯ ಜಿವೈ-271 ಮಾಡ್ಯೂಲಿನ ನೀಲಿ ಬೋರ್ಡಿನ ಮೇಲೇ ಹೊಸ ಚಿಪ್ಪು ಕೂತು ಮಾರಾಟಕ್ಕೆ ಬಂತು. ತಂದವರು ಜೋಡಿಸುತ್ತಾರೆ, ಹಳೆಯ ಪ್ರೋಗ್ರಾಮು ಹಾಕುತ್ತಾರೆ, ಏನೂ ಬರುವುದಿಲ್ಲ. ಬೆಸುಗೆ ಸರಿಯಿಲ್ಲವೆಂದು ಮತ್ತೆ ಬೆಸೆಯುತ್ತಾರೆ. ಆಗಲೂ ಬರುವುದಿಲ್ಲ. ಹಳೆಯ ಚಿಪ್ಪು 0ಎಕ್ಸ್1ಇ ಎಂಬ ವಿಳಾಸಕ್ಕೆ ಓಗೊಡುತ್ತಿತ್ತು. ಹೊಸದು ಓಗೊಡುವುದು 0ಎಕ್ಸ್0ಡಿ ಎಂಬುದಕ್ಕೆ. ಒಳಗಿನ ರಿಜಿಸ್ಟರುಗಳ ಕ್ರಮವೂ ಬೇರೆ. ಭೂತಗನ್ನಡಿ ಹಿಡಿದು ನೋಡಿದರೆ ಹಳೆಯದರ ಬೆನ್ನ ಮೇಲೆ ಎಲ್883 ಎಂಬ ಗುರುತು, ಹೊಸದರ ಮೇಲೆ ಡಿಎ5883 ಎಂಬ ಗುರುತು ಕಾಣುತ್ತದೆ. ಮಾಡ್ಯೂಲಿನ ಹೆಸರು ಮಾತ್ರ ಬದಲಾಗಿಲ್ಲ. ಹಾಗಾಗಿ ಬೋರ್ಡಿನ ಮೂಲೆಯ ಅಕ್ಷರವನ್ನು ಓದಿದರೆ ಸಾಲದು, ಅದರ ಮೇಲೆ ಕೂತ ಚಿಪ್ಪಿನ ಬೆನ್ನನ್ನೂ ಓದಬೇಕು. ಆವೃತ್ತಿಯ ಜೊತೆಗೆ ಬಿಡಿಭಾಗಗಳ ಪಟ್ಟಿ ಸಿಗದಿದ್ದರೆ ಆ ಆವೃತ್ತಿಯನ್ನು ದೂರವಿಡುವುದೇ ಕ್ಷೇಮ.

ಸಾಮಾನ್ಯ ಉಪಕರಣಗಳಲ್ಲಿ ಬೋರ್ಡಿನ ಮೇಲೆ ಯಾವ ಭಾಗ ಎಲ್ಲಿ ಕೂತಿದೆ ಎಂಬುದು ಇಷ್ಟೊಂದು ದೊಡ್ಡ ಸಂಗತಿಯಲ್ಲ. ದಿಕ್ಸೂಚಿ ಇರುವ ಬೋರ್ಡಿನಲ್ಲಿ ಅದೇ ಮುಖ್ಯ ಸಂಗತಿ. ತಂತಿಯಲ್ಲಿ ವಿದ್ಯುತ್ ಹರಿದರೆ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆಂದು ಹೈಸ್ಕೂಲಿನ ಪುಸ್ತಕದಲ್ಲೇ ಇದೆ. ಲೇಸರು, ಪರದೆಯ ಬೆಳಕು, ಬ್ಲೂಟೂತ್ ಎಲ್ಲವೂ ಒಟ್ಟಿಗೆ ನಡೆಯುವಾಗ ಬ್ಯಾಟರಿಯಿಂದ ಬರುವ ಗೆರೆಯಲ್ಲಿ 100 ಮಿಲಿಆಂಪಿಯರ್ ಹರಿಯುತ್ತದೆ ಎಂದುಕೊಂಡರೆ, ಆ ಗೆರೆಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ 2 ಮೈಕ್ರೋಟೆಸ್ಲಾ ಕ್ಷೇತ್ರ ಏಳುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಭೂಮಿಯ ಕಾಂತಕ್ಷೇತ್ರದ ಅಡ್ಡ ಭಾಗ, ಅಂದರೆ ದಿಕ್ಸೂಚಿಯನ್ನು ತಿರುಗಿಸುವ ಭಾಗ, ಸುಮಾರು 21 ಮೈಕ್ರೋಟೆಸ್ಲಾ. ತಂತಿಯ 2 ಅದಕ್ಕೆ ಅಡ್ಡಲಾಗಿ ಬಿದ್ದರೆ ದಿಕ್ಕು ಐದು ಡಿಗ್ರಿಗಿಂತ ಹೆಚ್ಚು ತಪ್ಪುತ್ತದೆ. ಹತ್ತು ಮೀಟರಿನ ಗೆರೆಯ ತುದಿಯಲ್ಲಿ ಅದು ಹತ್ತಿರ ಹತ್ತಿರ ಒಂದು ಮೀಟರಿನ ತಪ್ಪು. ಉಪಕರಣದಿಂದ ನಿರೀಕ್ಷಿಸುವುದು ಅರ್ಧ ಡಿಗ್ರಿಯ ಆಸುಪಾಸಿನ ನಿಖರತೆಯನ್ನು. ಹಾಗಿರುವಾಗ ಇದು ಸಹಿಸುವ ಮಾತಲ್ಲ.

ಸ್ಥಿರವಾಗಿರುವ ಕಾಂತತೆಯನ್ನು ಕ್ಯಾಲಿಬ್ರೇಷನ್ ಕಳೆದುಹಾಕುತ್ತದೆ. ಬೋರ್ಡಿನ ಮೇಲೆ ಸದಾ ಒಂದೇ ಜಾಗದಲ್ಲಿರುವ ಕಬ್ಬಿಣದ ಚೂರು ಎಷ್ಟು ಕೆಡಿಸುತ್ತದೆಂದು ಲೆಕ್ಕ ಹಾಕಿ ಕಳೆಯಬಹುದು. ಆದರೆ ಪರದೆಯ ಬೆಳಕು ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ಬ್ಲೂಟೂತ್ ಒಮ್ಮೆ ಮಾತಾಡುತ್ತದೆ, ಒಮ್ಮೆ ಸುಮ್ಮನಿರುತ್ತದೆ. ಬದಲಾಗುತ್ತಲೇ ಇರುವ ತಪ್ಪನ್ನು ಒಂದು ಸಲದ ಲೆಕ್ಕ ಹಿಡಿಯಲಾರದು. ಇದಕ್ಕೆ ಮದ್ದು ಬೋರ್ಡಿನ ವಿನ್ಯಾಸದಲ್ಲೇ ಇರಬೇಕು. ಹೋಗುವ ವಿದ್ಯುತ್ತಿನ ಗೆರೆಯ ನೇರ ಕೆಳಗೇ ಮರಳುವ ವಿದ್ಯುತ್ತಿಗೂ ದಾರಿ ಇದ್ದರೆ ಎರಡರ ಕ್ಷೇತ್ರಗಳೂ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಕೊಳ್ಳುತ್ತವೆ. ಎರಡು ಪದರದ, 1.6 ಮಿಲಿಮೀಟರ್ ದಪ್ಪದ ಮಾಮೂಲಿ ಬೋರ್ಡಿನಲ್ಲಿ ಮೇಲಿನ ಗೆರೆಗೂ ಕೆಳಗಿನ ದಾರಿಗೂ ಅಷ್ಟು ಅಂತರವಿರುವುದರಿಂದ, ಅದೇ ಒಂದು ಸೆಂಟಿಮೀಟರ್ ದೂರದಲ್ಲಿ 2ರ ಬದಲು 0.3 ಮೈಕ್ರೋಟೆಸ್ಲಾ ಉಳಿಯುತ್ತದೆ. ನಾಲ್ಕು ಪದರದ ಬೋರ್ಡಿನಲ್ಲಿ ಪಕ್ಕಪಕ್ಕದ ಪದರಗಳ ನಡುವೆ 0.2 ಮಿಲಿಮೀಟರ್ ಅಂತರವಿದ್ದರೆ ಉಳಿಯುವುದು 0.04 ಮಾತ್ರ. ಹೊಸ ಆವೃತ್ತಿ ನಾಲ್ಕು ಪದರದ್ದಾಗಿ ಹಳೆಯದು ಎರಡು ಪದರದ್ದಾಗಿದ್ದರೆ, ಸ್ವಲ್ಪ ದುಡ್ಡು ಹೆಚ್ಚಾದರೂ ಹೊಸದಕ್ಕೆ ಹೋಗುವುದಕ್ಕೆ ಇದು ಗಟ್ಟಿಯಾದ ಕಾರಣ. ಕೆಳಗಿನ ಪದರದಲ್ಲಿ ಯಾರೋ ಅವಸರಕ್ಕೆ ಅಡ್ಡ ಗೆರೆಯೊಂದನ್ನು ಎಳೆದು ಮರಳುವ ದಾರಿಯನ್ನು ಕತ್ತರಿಸಿದ್ದರೆ ಆ ಲಾಭವೆಲ್ಲ ಹೋಯಿತು. ವಿದ್ಯುತ್ತು ಸುತ್ತು ಹಾಕಿಕೊಂಡು ಬರುತ್ತದೆ. ಎರಡು ಆವೃತ್ತಿಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಮೊದಲು ನೋಡಬೇಕಾದದ್ದು ಬ್ಯಾಟರಿಯಿಂದ ಹೊರಟ ದಪ್ಪ ಗೆರೆಯನ್ನು, ಅದು ಕಾಂತಸೆನ್ಸರಿಗೆ ಎಷ್ಟು ಹತ್ತಿರ ಹಾಯುತ್ತದೆ ಎಂಬುದನ್ನು.

ಇಲ್ಲೊಂದು ಭೂಗೋಳದ ಮಾತು ಸೇರಿಕೊಳ್ಳುತ್ತದೆ. ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆಯೂ ನೆಲಕ್ಕೆ ಸಮನಾಗಿ ಮಲಗಿರುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಅದು ಸುಮಾರು 64 ಡಿಗ್ರಿ ಕೆಳಮುಖವಾಗಿ ನೆಲದೊಳಕ್ಕೆ ನುಗ್ಗುತ್ತದೆ. ದಕ್ಷಿಣಕ್ಕೆ ಬಂದಂತೆ ಬಾಗು ಕಡಿಮೆಯಾಗುತ್ತಾ, ಭಾರತದ ತುದಿಯ ಹತ್ತಿರ ಪೂರ್ತಿ ಅಡ್ಡಲಾಗುತ್ತದೆ. ಆ ರೇಖೆಗೆ ಕಾಂತ ಸಮಭಾಜಕ ಎನ್ನುತ್ತಾರೆ. 1963ರಲ್ಲಿ ಭಾರತದ ಮೊದಲ ಸೌಂಡಿಂಗ್ ರಾಕೆಟ್ಟು ಹಾರಲು ತಿರುವನಂತಪುರದ ಪಕ್ಕದ ತುಂಬಾ ಎಂಬ ಮೀನುಗಾರರ ಊರನ್ನು ಆರಿಸಿದ್ದು ಆ ರೇಖೆ ಅದರ ಹತ್ತಿರ ಹಾಯುತ್ತಿತ್ತೆಂದೇ. ಬೆಂಗಳೂರಿನಲ್ಲೂ ಬಾಗು ತೀರ ಕಡಿಮೆ. ಕ್ಷೇತ್ರದ ಅಡ್ಡ ಭಾಗ ಸುಮಾರು 40 ಮೈಕ್ರೋಟೆಸ್ಲಾ, ಸ್ವಿಟ್ಜರ್ಲೆಂಡಿನ ಹತ್ತಿರ ಹತ್ತಿರ ಎರಡರಷ್ಟು. ಅಲ್ಲಿ ಐದು ಡಿಗ್ರಿ ತಪ್ಪಿಸಿದ ಅದೇ ತಂತಿ ಇಲ್ಲಿ ತಪ್ಪಿಸುವುದು ಮೂರು ಡಿಗ್ರಿಗೂ ಒಂದಿಷ್ಟು ಕಡಿಮೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಉಪಕರಣ ಕೈಯಲ್ಲಿ ಹೇಗೆ ವಾಲಿದೆಯೆಂದು ಆಕ್ಸೆಲೆರೋಮೀಟರ್ ಹೇಳಿದ ಮೇಲೆಯೇ ಕಾಂತಸೆನ್ಸರಿನ ಮೂರು ಸಂಖ್ಯೆಗಳಿಂದ ದಿಕ್ಕು ಹೊರಡುವುದು. ವಾಲಿಕೆಯಲ್ಲಿ ಒಂದು ಡಿಗ್ರಿ ತಪ್ಪಾದರೆ, ಕ್ಷೇತ್ರ ಕಡಿದಾಗಿ ಇಳಿಯುವ ಸ್ವಿಟ್ಜರ್ಲೆಂಡಿನಲ್ಲಿ ದಿಕ್ಕು ಎರಡು ಡಿಗ್ರಿಯವರೆಗೂ ಕೆಡಬಹುದು. ಬೆಂಗಳೂರಿನಲ್ಲಿ ಅದೇ ತಪ್ಪಿಗೆ ದಿಕ್ಕು ಕೆಡುವುದು ಸುಮಾರು ಕಾಲು ಡಿಗ್ರಿ. ಗುಹೆಯ ತಂಪಿನಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಅಗ್ಗದ ಆಕ್ಸೆಲೆರೋಮೀಟರುಗಳ ಸೊನ್ನೆ ಬಿಸಿಲು-ಚಳಿಗೆ ಸರಿಯುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಒಂದು ಮಿಲಿ-ಜಿಯಷ್ಟು ಸರಿಯುವವೂ ಇವೆ. ಒಂದು ಮಿಲಿ-ಜಿ, ಅಂದರೆ ಗುರುತ್ವದ ಸಾವಿರದಲ್ಲೊಂದು ಪಾಲು, 0.057 ಡಿಗ್ರಿ ವಾಲಿಕೆಗೆ ಸಮ. 25 ಡಿಗ್ರಿ ಬಿಸಿಯ ಕೋಣೆಯಲ್ಲಿ ಕ್ಯಾಲಿಬ್ರೇಷನ್ ಮಾಡಿ 5 ಡಿಗ್ರಿಯ ಆಲ್ಪ್ಸ್ ಗುಹೆಗೆ ಇಳಿದರೆ ವಾಲಿಕೆಯಲ್ಲೇ ಒಂದು ಡಿಗ್ರಿ ಮೀರಿ ತಪ್ಪು ಬರಬಹುದು, ದಿಕ್ಕಿನಲ್ಲಿ ಅದರ ಎರಡರಷ್ಟು. ಹೊಸ ಆವೃತ್ತಿಯ ಹೆಚ್ಚುಗಾರಿಕೆ ಒಳ್ಳೆಯ ಆಕ್ಸೆಲೆರೋಮೀಟರ್ ಒಂದೇ ಆಗಿದ್ದರೆ, ಆಲ್ಪ್ಸ್ ಗುಹೆಗೆ ಇಳಿಯುವವರು ಅದಕ್ಕೆ ದುಡ್ಡು ಸುರಿಯುವುದು ನ್ಯಾಯ. ಬೆಂಗಳೂರಿನ ಸುತ್ತಮುತ್ತ ಬಾವಿಯನ್ನೋ ಹಳೆಯ ಕೋಟೆಯನ್ನೋ ಅಳೆಯುವವರು ಹಳೆಯ ಆವೃತ್ತಿಯನ್ನೇ ನೆಮ್ಮದಿಯಾಗಿ ಬಳಸಬಹುದು. ಒಂದೇ ಬೋರ್ಡು ಒಂದು ಅಕ್ಷಾಂಶದಲ್ಲಿ ಹಳತಾಗಿ, ಇನ್ನೊಂದು ಅಕ್ಷಾಂಶದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆವೃತ್ತಿಗಳ ಬಗ್ಗೆ ಯೂರೋಪಿನಲ್ಲಿ ಕೂತು ಕೊಟ್ಟ ಸಲಹೆಯನ್ನು ಇಲ್ಲಿ ಹಾಗೆಹಾಗೇ ಪಾಲಿಸಬೇಕಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ದಕ್ಷಿಣ ಭಾರತದಲ್ಲಿ ಅಳತೆಯ ಮಾತೆತ್ತಿದಾಗ ವಿಲಿಯಂ ಲ್ಯಾಂಬ್ಟನ್ ನೆನಪಾಗದೆ ಇರುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಈ ಸೇನಾಧಿಕಾರಿ, ಅದು ಮುಗಿದ ಬೆನ್ನಿಗೇ ಮೈಸೂರು ಸೀಮೆಯಿಂದ ಶುರುಮಾಡಿ ಪರ್ಯಾಯದ್ವೀಪವನ್ನೆಲ್ಲ ತ್ರಿಕೋನಗಳಲ್ಲಿ ಅಳೆಯುವ ಯೋಜನೆ ಹೂಡಿದರು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಯಲಲ್ಲಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದರು. ಅವರ ಬಳಿ ಸರಪಳಿ ಎರಡಿದ್ದವು. ಒಂದು ಕೆಲಸಕ್ಕೆ; ಇನ್ನೊಂದು ಮೊದಲನೆಯದು ಹಿಗ್ಗಿದೆಯೇ ಎಂದು ಹೋಲಿಸಿ ನೋಡಲು. ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗುತ್ತದೆಂದು ತಿಳಿಯಲು ಥರ್ಮಾಮೀಟರುಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರು. 1804ರಲ್ಲಿ ಅವರ ಸಹಾಯಕ ವಾರನ್ ಬೆಂಗಳೂರಿನ ಹತ್ತಿರ ಇನ್ನೊಂದು ಆಧಾರರೇಖೆಯನ್ನು ಅಳೆದಾಗ, ಮದರಾಸಿನಿಂದ ಲೆಕ್ಕ ಹಾಕಿ ಬಂದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕು ಇಂಚಿನೊಳಗಿತ್ತು. ಮನೆಯಲ್ಲಿ ಉಪಕರಣ ಕಟ್ಟುವವರು ಆ ಎರಡನೆಯ ಸರಪಳಿಯ ಕ್ರಮವನ್ನು ಎರವಲು ಪಡೆಯಬಹುದು. ಹೊಸ ಆವೃತ್ತಿಗೆ ಹೋದರೂ ಚೆನ್ನಾಗಿ ನಡೆಯುತ್ತಿರುವ ಹಳೆಯ ಬೋರ್ಡನ್ನು ಬಿಚ್ಚಿ ಭಾಗ ಕೀಳದೆ, ಹೋಲಿಸಿ ನೋಡಲೆಂದೇ ಒಂದನ್ನು ಇಟ್ಟುಕೊಳ್ಳುವುದು ಬಹಳ ಉಪಯೋಗಕ್ಕೆ ಬರುತ್ತದೆ.

ಸರಪಳಿಗೂ ಆವೃತ್ತಿಗಳಿದ್ದವು. ಎಡ್ಮಂಡ್ ಗಂಟರ್ 1620ರಲ್ಲಿ ರೂಪಿಸಿದ್ದು 66 ಅಡಿಯ, ನೂರು ಕೊಂಡಿಗಳ ಸರಪಳಿ. ಮುಂಬಯಿ ಪ್ರಾಂತದ ಕಂದಾಯ ಮೋಜಣಿಯ ಜೊತೆ ಕನ್ನಡನಾಡಿಗೆ ಬಂದದ್ದು ಅದರ ಅರ್ಧ, 33 ಅಡಿಯದು, 16 ಆಣೆಗಳಾಗಿ ಭಾಗ ಮಾಡಿದ್ದು. ಆ ಸರಪಳಿಯ ಉದ್ದ, ಅದೇ ಅಗಲದ ಚೌಕವೇ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ ಇವತ್ತಿಗೂ ಜಮೀನು ಎಕರೆ-ಗುಂಟೆಯಲ್ಲೇ ಇದೆ. ನೂರು ಕೊಂಡಿಯದು ದಶಮಾಂಶದ ಲೆಕ್ಕಕ್ಕೆ ಅನುಕೂಲ. ಹದಿನಾರು ಆಣೆಯದು ರೂಪಾಯಿ-ಆಣೆಯಲ್ಲಿ ಲೆಕ್ಕ ಹಾಕಿ ಕೈ ಪಳಗಿದವರಿಗೆ ಅನುಕೂಲ. ಯಾವುದು ಮೇಲು ಎಂದು ಹಿಡಿಯುವವರ ಕೈಯನ್ನು ನೋಡದೆ ಹೇಳಲು ಬರುವುದಿಲ್ಲ.

ಬೋರ್ಡಿನ ಮಾತಿನಲ್ಲೂ ಕೈಯ ಪಾಲು ದೊಡ್ಡದು. ಹಳೆಯ ಆವೃತ್ತಿಗಳಲ್ಲಿ ಚಿಪ್ಪುಗಳಿಗೆ ಹೊರಚಾಚಿದ ಕಾಲುಗಳಿರುತ್ತಿದ್ದವು. ಸಣ್ಣ ಮೊನೆಯ ಬೆಸುಗೆ ಕಡ್ಡಿಯಿಂದ ಒಂದೊಂದೇ ಕಾಲನ್ನು ಬೆಸೆಯಬಹುದಿತ್ತು. ಹೊಸವುಗಳಲ್ಲಿ ಕಾಲುಗಳು ಹೊಟ್ಟೆಯಡಿಗೆ ಸೇರಿವೆ. ಅವನ್ನು ಕೂರಿಸಲು ಸೋಲ್ಡರ್ ಪೇಸ್ಟು, ತೂತು ಕೊರೆದ ಸ್ಟೆನ್ಸಿಲ್ ತಗಡು, ಬಿಸಿಗಾಳಿಯ ಗನ್ನು ಬೇಕು. ಬೆಸುಗೆ ಹಿಡಿದಿದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿ ಹೇಳುವಂತಿಲ್ಲ. 0603 ಅಳತೆಯ ರೆಸಿಸ್ಟರ್ 1.6 ಮಿಲಿಮೀಟರ್ ಉದ್ದವಿರುತ್ತದೆ, ಚಿಮಟದಲ್ಲಿ ಹಿಡಿದು ಬೆಸೆಯಬಹುದು. 0402 ಎಂದರೆ ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ಫ್ಯಾನಿನ ಗಾಳಿಗೆ ಒಂದು ಹಾರಿ ನೆಲಕ್ಕೆ ಬಿದ್ದರೆ ಮತ್ತೆ ಸಿಗುವುದಿಲ್ಲ. ಆದ್ದರಿಂದ ಎರಡು ಆವೃತ್ತಿಗಳ ನಡುವೆ ಅಳತೆಯ ಗುಣದಲ್ಲಿ ಹೆಚ್ಚಿನ ಅಂತರ ಇಲ್ಲದಿದ್ದರೆ, ಕಟ್ಟುವವರ ಕೈಗೆ ಒಗ್ಗುವುದನ್ನೇ ಆರಿಸುವುದು ಸರಿ. ಚೆನ್ನಾಗಿ ಬೆಸೆದ ಹಳೆಯ ಬೋರ್ಡು ಅರೆಬೆಸೆದ ಹೊಸ ಬೋರ್ಡಿಗಿಂತ ನಂಬಿಕಸ್ಥ. ಗುಹೆಯೊಳಗೆ ನಾಲ್ಕು ಗಂಟೆ ತೆವಳಿ ಹೋದ ಮೇಲೆ ಕೈಕೊಡುವ ಬೆಸುಗೆಗೆ ಅಲ್ಲಿ ಪರಿಹಾರವಿಲ್ಲ. ಭಾಗಗಳನ್ನೆಲ್ಲ ಕೂರಿಸಿಯೇ ಕಳಿಸುವ ಸೇವೆಯನ್ನು ಬಳಸುವವರಿಗೆ ಈ ತೊಡಕಿಲ್ಲ. ಅವರು ಚಿಪ್ಪುಗಳು ಇನ್ನೂ ಮಾರುಕಟ್ಟೆಯಲ್ಲಿ ಸಿಗುತ್ತವೆಯೇ ಎಂದಷ್ಟೇ ನೋಡಿಕೊಂಡರೆ ಸಾಕು.

ಸುತ್ತಲಿನ ಲೋಹದ ವಿಚಾರಕ್ಕೆ ಬಂದರೆ, ಆವೃತ್ತಿ ಬದಲಾದಾಗ ಯಾರೂ ಹೇಳದೆ ಬದಲಾಗುವ ಸಣ್ಣ ಭಾಗಗಳೇ ಕಿತಾಪತಿ ಮಾಡುವುದು. ಮಾಮೂಲಿ ಸೆಲ್ಲುಗಳ ಹೊರಕವಚ ಉಕ್ಕಿನದು. ಡಿಸ್ಟೊಎಕ್ಸ್2ರಲ್ಲಿ ಅವುಗಳ ಜಾಗಕ್ಕೆ ಚೀಲದಂಥ ಲಿಥಿಯಂ ಪಾಲಿಮರ್ ಬ್ಯಾಟರಿ ಬಂದದ್ದು ಅದಕ್ಕಾಗಿ. ಚಾರ್ಜಿಂಗಿನ ಯುಎಸ್‌ಬಿ ಕಿಂಡಿಯ ಕವಚ, ವೋಲ್ಟೇಜ್ ಏರಿಸುವ ಸುರುಳಿಯೊಳಗಿನ ಫೆರೈಟು, ಬೀಪ್ ಎನ್ನುವ ಬಜರಿನೊಳಗಿನ ಅಯಸ್ಕಾಂತ, ಬ್ಲೂಟೂತ್ ಮಾಡ್ಯೂಲಿನ ಮೇಲಿನ ತಗಡು, ರೆಸಿಸ್ಟರುಗಳ ತುದಿಯಲ್ಲಿ ತವರದ ಕೆಳಗಿರುವ ನಿಕ್ಕಲ್ಲಿನ ಪದರ, ಇವೆಲ್ಲಕ್ಕೂ ಕಾಂತಸೆನ್ಸರ್ ತಿರುಗಿ ನೋಡುತ್ತದೆ. ಹೊಸ ಆವೃತ್ತಿಯಲ್ಲಿ ಯುಎಸ್‌ಬಿ ಕಿಂಡಿ ಅನುಕೂಲವೆಂದು ಸೆನ್ಸರಿನ ಪಕ್ಕಕ್ಕೆ ಬಂದು ಕೂತಿದ್ದರೆ ಅದು ಹಿನ್ನಡೆ, ಅಂಕಿ ಎಷ್ಟೇ ಮುಂದಿರಲಿ. ಪೆಟ್ಟಿಗೆಗೆ ಹಿತ್ತಾಳೆಯ ಅಥವಾ ನೈಲಾನಿನ ತಿರುಪು ಹಾಕುವುದು ರೂಢಿ; ಕೊಳ್ಳುವಾಗ ಕೊನೆಗೆ ಅಯಸ್ಕಾಂತವೊಂದನ್ನು ತಾಗಿಸಿ ನೋಡಿಬಿಡಬೇಕು, ಹಿತ್ತಾಳೆಯ ಬಣ್ಣ ಬಳಿದ ಕಬ್ಬಿಣವೂ ಮಾರಾಟಕ್ಕಿರುತ್ತದೆ.

ಬೋರ್ಡಿನ ಜೊತೆ ಅದರೊಳಗಿನ ಪ್ರೋಗ್ರಾಮು, ಎದುರಿನ ಫೋನು ಎರಡೂ ಸೇರಿಯೇ ಒಂದು ಉಪಕರಣ. ಹಳೆಯ ಆವೃತ್ತಿಗಳು ಬಳಸುತ್ತಿದ್ದ ಬ್ಲೂಟೂತ್ ಸೀರಿಯಲ್ ಸಂಪರ್ಕ ಆಂಡ್ರಾಯ್ಡಿಗೆ ಒಗ್ಗುತ್ತದೆ, ಐಫೋನಿನ ಆ್ಯಪುಗಳಿಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಹೊಸವುಗಳ ಕಡಿಮೆ ಶಕ್ತಿಯ ಬ್ಲೂಟೂತ್ ಎರಡಕ್ಕೂ ಹೊಂದುತ್ತದೆ, ಬ್ಯಾಟರಿಯನ್ನೂ ಉಳಿಸುತ್ತದೆ. ಕೈಯಲ್ಲಿರುವ ಫೋನು ಐಫೋನಾದರೆ ಆಯ್ಕೆ ಅಲ್ಲಿಗೇ ಮುಗಿಯಿತು. ಆವೃತ್ತಿ ಬದಲಾದಾಗ ಚಿಪ್ಪಿನ ಕಾಲುಗಳ ಹಂಚಿಕೆಯೂ ಕೆಲವೊಮ್ಮೆ ಬದಲಾಗುತ್ತದೆ. ಹಳೆಯ ಪ್ರೋಗ್ರಾಮನ್ನು ಹೊಸ ಬೋರ್ಡಿಗೆ ಹಾಕಿದರೆ ಲೇಸರ್ ಹತ್ತಬೇಕಾದಲ್ಲಿ ಬಜರ್ ಕೂಗುತ್ತದೆ. ಯಾವ ಬೋರ್ಡಿಗೆ ಯಾವ ಪ್ರೋಗ್ರಾಮು ಎಂದು ಸ್ಪಷ್ಟವಾಗಿ ಬರೆದಿಟ್ಟ ವಿನ್ಯಾಸಕರ ಕೆಲಸವನ್ನು ನಂಬಬಹುದು. ತಪ್ಪುಗಳ ಪಟ್ಟಿಯನ್ನು ಮುಚ್ಚಿಡದೆ ಕೊಟ್ಟವರನ್ನು ಇನ್ನೂ ಹೆಚ್ಚು ನಂಬಬಹುದು. ಹಳೆಯ ಆವೃತ್ತಿಯ ತಪ್ಪು ಏನು, ಅದಕ್ಕೆ ಯಾವ ಎರಡು ಬಿಂದುಗಳ ನಡುವೆ ತಂತಿ ಬೆಸೆಯಬೇಕು ಎಂದು ಬರೆದಿದ್ದರೆ, ಆ ಬೋರ್ಡನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಗೊತ್ತಿರುವ ತಪ್ಪಿಗೆ ಗೊತ್ತಿರುವ ಮದ್ದಿದೆ. ಹೊಸ ಆವೃತ್ತಿಯಲ್ಲಿ ಏನು ಬದಲಾಯಿತೆಂದೇ ಯಾರೂ ಬರೆದಿಲ್ಲದಿದ್ದರೆ, ಇನ್ನೊಬ್ಬರು ಅದನ್ನು ಕಟ್ಟಿ ಗುಹೆಯೊಳಗೆ ಒಂದು ಸುತ್ತು ಹೋಗಿ ಬರುವವರೆಗೂ ಕಾಯುವುದು ಒಳ್ಳೆಯದು.

ಯಾವುದನ್ನೇ ಆರಿಸಲಿ, ಆಯ್ಕೆ ಸರಿಯಾಯಿತೇ ಎಂಬುದು ತಿಳಿಯುವುದು ಕ್ಯಾಲಿಬ್ರೇಷನ್ ದಿನ. ಡಿಸ್ಟೊಎಕ್ಸ್‌ಗೆ ಐವತ್ತಾರು ಅಳತೆಗಳ ಕ್ರಮವಿದೆ: ಹದಿನಾಲ್ಕು ದಿಕ್ಕುಗಳು, ಒಂದೊಂದರಲ್ಲೂ ಉಪಕರಣವನ್ನು ಅದರ ಉದ್ದದ ಸುತ್ತ ತಿರುಗಿಸಿ ನಾಲ್ಕು ಸಲ. ಕಬ್ಬಿಣದಿಂದ ದೂರ, ವಿದ್ಯುತ್ ತಂತಿಗಳಿಂದ ದೂರ, ಕಾರಿನಿಂದ ದೂರ ನಿಂತು ಮಾಡಬೇಕು. ಕಾಂಕ್ರೀಟಿನ ಮನೆಯೊಳಗೆ ನಡೆಯುವುದಿಲ್ಲ, ಗೋಡೆ ಚಾವಣಿಗಳ ತುಂಬ ಕಬ್ಬಿಣದ ಸರಳು. ತೋಪಿನಲ್ಲಿ ಮರದಿಂದ ಮರಕ್ಕೆ ಗುರಿಯಿಟ್ಟು ಮಾಡುವವರಿದ್ದಾರೆ, ಗುಹೆಯ ಬಾಯಲ್ಲೇ ಮಾಡುವವರಿದ್ದಾರೆ. ಒಳಗಿನ ತಂಪಿಗೆ ಸೆನ್ಸರ್ ಹೊಂದಿಕೊಂಡ ಮೇಲೆ ಮಾಡುವುದರಿಂದ ಎರಡನೆಯದು ಮೇಲು. ಮುಗಿದ ಮೇಲೆ ಒಂದೇ ಗುರಿಗೆ ಪರದೆ ಮೇಲ್ಮುಖ, ಬಲಮುಖ, ಕೆಳಮುಖ, ಎಡಮುಖವಾಗಿ ನಾಲ್ಕು ಸಲ ಹೊಡೆದು ನೋಡಬೇಕು. ನಾಲ್ಕೂ ಅರ್ಧ ಡಿಗ್ರಿಯೊಳಗೆ ಕೂಡಿದರೆ ಬೋರ್ಡು ಚೆನ್ನಾಗಿದೆ. ಪರದೆಯ ಬೆಳಕು ಹತ್ತಿಸಿ ಒಮ್ಮೆ, ಆರಿಸಿ ಒಮ್ಮೆ ಹೊಡೆದಾಗ ದಿಕ್ಕು ಸರಿದರೆ ದೋಷ ಇರುವುದು ಗೆರೆಗಳ ವಿನ್ಯಾಸದಲ್ಲಿ, ಮತ್ತೆ ಐವತ್ತಾರು ಹೊಡೆದರೂ ಅದು ಹೋಗುವುದಿಲ್ಲ. ಮುಂದಿನ ಪರೀಕ್ಷೆ ಹೋಗುವಾಗಿನ ಅಳತೆಗೂ ಅದೇ ಗೆರೆಯಲ್ಲಿ ಹಿಂದಿರುಗಿ ನೋಡಿದ ಅಳತೆಗೂ ಹೋಲಿಕೆ. ಎರಡರ ದಿಕ್ಕುಗಳ ನಡುವೆ ಸರಿಯಾಗಿ 180 ಡಿಗ್ರಿ ಇರಬೇಕು.

ಕೊನೆಯ ಪರೀಕ್ಷೆ ಗುಹೆಯದೇ. ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಹೊರಟ ಬಿಂದುವಿಗೇ ಬಂದು ಸೇರುವ ಸುತ್ತುಗಳು ದೊಡ್ಡ ಗುಹೆಗಳಲ್ಲಿ ಸಿಗುತ್ತವೆ. ಅಂಥ ಸುತ್ತಿನ ಗೆರೆಗಳನ್ನೆಲ್ಲ ಕೂಡಿಸಿದಾಗ ನಕ್ಷೆಯ ಮೇಲೂ ಹೊರಟ ಬಿಂದುವಿಗೇ ಬರಬೇಕು. ಬಾರದೆ ಎಷ್ಟು ದೂರ ಉಳಿಯುತ್ತದೋ ಅದೇ ಇಡೀ ಉಪಕರಣದ ತಪ್ಪಿನ ಮೊತ್ತ. ಆ ಮೊತ್ತದ ಪಕ್ಕದಲ್ಲಿ ಬೋರ್ಡಿನ ಆವೃತ್ತಿ, ಪ್ರೋಗ್ರಾಮಿನ ಆವೃತ್ತಿ, ಕ್ಯಾಲಿಬ್ರೇಷನ್ ಮಾಡಿದ ದಿನಾಂಕ ಮೂರನ್ನೂ ಬರೆದಿಡುವವರ ನಕ್ಷೆಯನ್ನು ಹತ್ತು ವರ್ಷಗಳಾದ ಮೇಲೆ ಬೇರೆ ತಂಡದವರು ಬೇರೆ ಬೋರ್ಡಿನಿಂದ ಮುಂದುವರಿಸಬಹುದು. ಹಳೆಯ ಗೆರೆಗಳಲ್ಲಿ ಯಾವುದನ್ನು ಮತ್ತೆ ಅಳೆಯಬೇಕು, ಯಾವುದನ್ನು ಹಾಗೇ ಉಳಿಸಿಕೊಳ್ಳಬಹುದು ಎಂದು ಅವರಿಗೆ ಆ ಮೂರು ಟಿಪ್ಪಣಿಗಳಿಂದಲೇ ತಿಳಿಯುತ್ತದೆ.